ಸ್ವಸ್ಥಚಿತ್ತದಿಂದ ಬರೆದುಕೊಟ್ಟ ಮದುವೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಒಂಟಿ ಹಿರಿಯರ ಮದುವೆಗೆ ಓಡಾಡುತ್ತಿರುವ ಮಾನ್ಯ ಹಿತೈಷಿಗಳೇ,

ತಮ್ಮ ಪರೋಪಕಾರಕ್ಕೆ ಮೊದಲು ಒಂದು ದೊಡ್ಡ ನಮಸ್ಕಾರ. ನಮ್ಮ ಕಡೆ ಮೂರೆಕರೆ ತೆಂಗು, ಎರಡು ಸೀಮೆಹಸು ಇಟ್ಟುಕೊಂಡಿರುವ ಮೂವತ್ತೈದರ ಹುಡುಗನಿಗೆ ಹೆಣ್ಣು ಹುಡುಕಿ ಹುಡುಕಿ ಹೆತ್ತವರ ಚಪ್ಪಲಿ ಸವೆದಿವೆ. ಮಂಡ್ಯದ ಕಡೆ ಹುಡುಗರಂತೂ 2023ರಲ್ಲಿ, ಹೆಣ್ಣು ಕರುಣಿಸಪ್ಪಾ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ಅಂಥ ಬರಗಾಲದಲ್ಲಿ, ಎಪ್ಪತ್ತೆಂಟು ತುಂಬಿದ, ಹೆಂಡತಿ ತೀರಿಹೋದ, ಬೆಳಿಗ್ಗೆ ತಿಂದ ತಿಂಡಿ ಹನ್ನೊಂದು ಗಂಟೆಗೆ ಮರೆತುಹೋಗುವ ಯಜಮಾನರಿಗೆ ನೀವು ಹದಿನೈದೇ ದಿನದಲ್ಲಿ ಹೆಣ್ಣು ಗೊತ್ತುಮಾಡಿ, ತಾಳಿ ಕಟ್ಟಿಸಿ, ರಿಜಿಸ್ಟರ್ ಮಾಡಿಸಿ, ಮನೆ ತುಂಬಿಸಿಕೊಟ್ಟು ಬರುತ್ತೀರಿ. ದಳ್ಳಾಳಿ ಕಾಸನ್ನೂ ಕೇಳುವುದಿಲ್ಲ. ಆ ಹುಡುಗರ ಪಾದಯಾತ್ರೆ ನಿಮ್ಮ ಮನೆಗೆ ಬರಬೇಕಿತ್ತು. ದಾರಿ ತಪ್ಪಿ ಬೆಟ್ಟಕ್ಕೆ ಹೋಯಿತು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಕಚೇರಿ ಹೊರಗೆ ಮೇಜು ಹಾಕಿಕೊಂಡು ಕ್ರಯ, ದಾನ, ವಿಭಾಗ, ಉಯಿಲು ಬರೆದು ಸಂಸಾರ ಸಾಕಿದವನು. ಮೂರೂ ಊರಿನ ಧೂಳು ಕುಡಿದಿದ್ದೇನೆ. ಯಾವ ಊರಿನ ಯಾವ ಕಚೇರಿ ಅಂತ ಕೇಳಬೇಡಿ. ಕೈಬರಹ ಹೋಗಿ ಟೈಪು ಬಂತು, ಟೈಪು ಹೋಗಿ ಕಂಪ್ಯೂಟರ್ ಬಂತು, ಈಗ ಕಾವೇರಿ ಅನ್ನುವ ತಂತ್ರಾಂಶ. ಎಲ್ಲ ಬದಲಾದರೂ ಒಂದು ಸಾಲು ಬದಲಾಗಲಿಲ್ಲ: ‘ಸ್ವಸ್ಥಚಿತ್ತನಾಗಿ, ಯಾರ ಒತ್ತಾಯ, ಬಲವಂತ, ಪ್ರಚೋದನೆಗಳೂ ಇಲ್ಲದೆ, ಮನಃಪೂರ್ವಕವಾಗಿ ಬರೆದುಕೊಟ್ಟ’. ಈ ಸಾಲನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆಯುವಾಗ ಒಂದು ಸಲವಾದರೂ ತಲೆ ಎತ್ತಿ, ಎದುರು ಕೂತವರ ಚಿತ್ತ ಹೇಗಿದೆ ಅಂತ ನೋಡಿದೆನೇ? ಇಲ್ಲ. ಅದೂ ನನ್ನ ಕೆಲಸ ಅಂತ ಯಾರೂ ಹೇಳಿರಲಿಲ್ಲ.

ತಲೆ ಎತ್ತುವ ಹಾಗೆ ಮಾಡಿದವರು ನಿಮ್ಮಲ್ಲೇ ಒಬ್ಬರು. ಬಿಳಿ ಷರಟು, ಜೇಬಿನಲ್ಲಿ ಎರಡು ಫೋನು. ಜೊತೆಗೆ ಒಬ್ಬ ರಿಟೈರ್ಡ್ ಲೆಕ್ಕದ ಮೇಷ್ಟ್ರು. ಇಸ್ತ್ರಿ ಮಾಡಿದ ಪಂಚೆ, ಜುಬ್ಬ, ಹಣೆಯಲ್ಲಿ ವಿಭೂತಿ. ನೋಡಿದರೆ ಕೈ ಮುಗಿಯಬೇಕು ಅನ್ನಿಸುವ ಮುಖ. ಹಿಂದೆ ಬೆಂಚಿನ ತುದಿಯಲ್ಲಿ, ಅರಿಶಿನ ಆರದ ತಾಳಿ ಹಾಕಿಕೊಂಡು, ನಲವತ್ತರ ಒಳಗಿನ ಒಬ್ಬ ಹೆಣ್ಣುಮಗಳು ತಲೆ ತಗ್ಗಿಸಿ ಕೂತಿದ್ದರು.

‘ಮೇಷ್ಟ್ರು ಅಮ್ಮಾವ್ರ ಹೆಸ್ರಿಗೆ ತೋಟ ದಾನಪತ್ರ ಮಾಡ್ಬೇಕು ಅಂತಾವ್ರೆ. ಬೇಗ ಬರ್ಕೊಡಿ ಸ್ವಾಮಿ, ಸರ್ವರ್ ಹೋದ್ರೆ ಕಷ್ಟ.’

ಮೇಷ್ಟ್ರು ನನ್ನ ಕಡೆ ನೋಡಿ, ‘ಊಟ ಆಯ್ತೇನಪ್ಪ?’ ಅಂದರು. ‘ಆಯ್ತು ಸಾರ್’ ಅಂದೆ. ಪಹಣಿ ನೋಡಿ ಸರ್ವೆ ನಂಬರು ಬರೆದುಕೊಳ್ಳುತ್ತಿದ್ದೆ. ಮತ್ತೆ, ‘ಊಟ ಆಯ್ತೇನಪ್ಪ?’ ಚಕ್ಕುಬಂದಿ ಬರೆದು ಮುಗಿಸುವಷ್ಟರಲ್ಲಿ ಐದು ಸಲ ಕೇಳಿದರು. ಐದು ಸಲವೂ ಅದೇ ಅಕ್ಕರೆ, ಅದೇ ಸ್ವರ. ‘ವಯಸ್ಸು ಸ್ವಾಮಿ, ಅರವತ್ತಕ್ಕೆ ಅರಳು ಮರಳು’ ಅಂತ ನಿಮ್ಮವರು ನಕ್ಕರು. ನಾನು ಬೆಂಚಿನ ಕಡೆ ತೋರಿಸಿ ಮೆಲ್ಲಗೆ, ‘ಇವರು ಯಾರು ಸಾರ್?’ ಅಂದೆ. ಮೇಷ್ಟ್ರು ಬಹಳ ಹೊತ್ತು ನೋಡಿದರು. ‘ನಮ್ಮ ಸ್ಕೂಲಿಗೆ ಹೊಸದಾಗಿ ಬಂದಿರೋ ಟೀಚರ್ ಇರಬೇಕು. ಬಹಳ ಒಳ್ಳೆಯವರು’ ಅಂದರು.

ಬಿಳಿ ಹಾಳೆ ಕೊಟ್ಟು ಸಹಿ ಮಾಡಿ ತೋರಿಸಿ ಸಾರ್ ಅಂದೆ. ಅಬ್ಬಾ, ಆ ಸಹಿ! ಮುತ್ತು ಪೋಣಿಸಿದ ಹಾಗೆ, ಕೊನೆಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ಜೀವಮಾನವಿಡೀ ಹಾಜರಿ ಪುಸ್ತಕದಲ್ಲಿ ಮಾಡಿದ ಸಹಿ. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ನಮ್ಮ ಕಸುಬೆಲ್ಲ ನಿಂತಿರುವುದು ಸಹಿಯ ಮೇಲೆ. ಮರೆವಿನ ಕಾಯಿಲೆ ಬಹಳ ತಡವಾಗಿ ಮುಟ್ಟುವ ಸಂಗತಿಗಳಲ್ಲಿ ಸಹಿಯೂ ಒಂದು. ಈ ಎರಡನ್ನೂ ಸೇರಿಸಿ ನೋಡಿದವರು ನೀವೊಬ್ಬರೇ.

ನಾನು ಪತ್ರ ಬರೆಯಲಿಲ್ಲ. ಸರ್ವರ್ ಇಲ್ಲ ಅಂದೆ. ನೀವು ಪಕ್ಕದ ಮೇಜಿಗೆ ಹೋದಿರಿ.

ನಿಮ್ಮ ಲೆಕ್ಕಾಚಾರಕ್ಕೆ ನಾನು ತಲೆದೂಗಿದ್ದೇನೆ. ತೋಟ ಬೇಕಿದ್ದರೆ ಮದುವೆ ಯಾಕೆ, ನೇರವಾಗಿ ಬರೆಸಿಕೊಂಡರೆ ಆಯ್ತಲ್ಲ ಅಂತ ದಡ್ಡರು ಕೇಳುತ್ತಾರೆ. ಹೊರಗಿನವರಿಗೆ ದಾನ ಕೊಟ್ಟರೆ ಆಸ್ತಿಯ ಬೆಲೆಗೆ ತಕ್ಕ ಮುದ್ರಾಂಕ ಶುಲ್ಕ. ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ಕೊಟ್ಟರೆ ಕರ್ನಾಟಕದಲ್ಲಿ ನಿಗದಿ ಮಾಡಿದ ಸಣ್ಣ ಮೊತ್ತ. ತಾಳಿಯ ಖರ್ಚು ಅಲ್ಲೇ ಹುಟ್ಟಿತು. ಇನ್ನು ದಾನಪತ್ರವನ್ನು ಪ್ರಶ್ನೆ ಮಾಡಬಹುದು. ವಯಸ್ಸಿನಿಂದಲೋ ಕಾಯಿಲೆಯಿಂದಲೋ ಮನಸ್ಸು ಕುಗ್ಗಿದವರ ಮೇಲೆ ಬೀರುವ ಅನುಚಿತ ಪ್ರಭಾವದ ಮಾತು 1872ರ ಕರಾರು ಕಾಯಿದೆಯಲ್ಲೇ ಇದೆ. ಆದರೆ ಪತ್ರ ಬಿದ್ದುಹೋದರೂ ಹೆಂಡತಿ ಹೆಂಡತಿಯೇ. ಉಯಿಲಿಲ್ಲದೆ ತೀರಿಕೊಂಡವರ ವಿಧವೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಮಕ್ಕಳ ಸಮಕ್ಕೆ ಪಾಲು. ಮೇಲೆ ಕುಟುಂಬ ಪಿಂಚಣಿ: ನಿವೃತ್ತಿಯಾದ ಮೇಲೆ ಮದುವೆಯಾದವರಿಗೂ ಅದು ಸಲ್ಲಬೇಕೆಂದು ಸುಪ್ರೀಂ ಕೋರ್ಟು 1989ರಲ್ಲಿ ಭಗವಂತಿ ಪ್ರಕರಣದಲ್ಲಿ ಹೇಳಿತು. ನ್ಯಾಯವಾದ ತೀರ್ಪೇ. ಇಳಿವಯಸ್ಸಿನಲ್ಲಿ ಜೊತೆಯಾಗಿ ಬಾಳಿದವರನ್ನು ಬೀದಿಗೆ ಬಿಡಬಾರದು. ನ್ಯಾಯವಾದದ್ದನ್ನೆಲ್ಲ ಹುಡುಕಿ ಬಳಸಿಕೊಳ್ಳುವುದರಲ್ಲಿ ಮಾತ್ರ ನಿಮ್ಮನ್ನು ಮೀರಿಸುವವರಿಲ್ಲ.

ಮೇಷ್ಟ್ರು ಹೋದ ಮೇಲೆ ನಾನೂ ಕಾನೂನು ಪುಸ್ತಕ ತೆಗೆದೆ. 1955ರ ಹಿಂದೂ ವಿವಾಹ ಕಾಯಿದೆ, 5ನೇ ಕಲಮು: ಚಿತ್ತಸ್ವಾಸ್ಥ್ಯವಿಲ್ಲದೆ ಸಮ್ಮತಿ ಕೊಡಲಾರದವರು ಮದುವೆಯಾಗುವಂತಿಲ್ಲ. ಸದ್ಯ, ಅಂದುಕೊಂಡೆ. 12ನೇ ಕಲಮಿಗೆ ಬಂದಾಗ ನೀವು ಯಾಕೆ ಅಷ್ಟು ನಿರಾಳವಾಗಿರುತ್ತೀರಿ ಅನ್ನುವುದು ತಿಳಿಯಿತು. ಅಂಥ ಮದುವೆ ತಾನಾಗಿ ಶೂನ್ಯವಲ್ಲ. ಕೋರ್ಟಿಗೆ ಹೋಗಿ ಕೇಳಿಕೊಂಡರೆ ರದ್ದಾಗಬಲ್ಲದ್ದು, ಅಷ್ಟೇ. ಕೇಳಿಕೊಳ್ಳಬೇಕಾದವರು ಗಂಡ ಹೆಂಡಿರಲ್ಲಿ ಒಬ್ಬರು. ಅಂದರೆ, ತನಗೆ ಮದುವೆಯಾಗಿದೆ ಅನ್ನುವುದೇ ನೆನಪಿಲ್ಲದ ಮೇಷ್ಟ್ರು, ನನಗೆ ನೆನಪಿಲ್ಲ ಅನ್ನುವುದನ್ನು ನೆನಪಿಟ್ಟುಕೊಂಡು ಹೋಗಿ ವಕೀಲರಿಗೆ ಹೇಳಬೇಕು. ಅವರ ಪರವಾಗಿ ಮತ್ತೊಬ್ಬರು ನಿಲ್ಲುವುದಾದರೆ ಮೊದಲು ಕೋರ್ಟನ್ನು ಒಪ್ಪಿಸಬೇಕು. ಅಷ್ಟರಲ್ಲಿ ಮೇಷ್ಟ್ರು ಕಣ್ಣುಮುಚ್ಚಿದರೆ ಮಕ್ಕಳ ಪಾಲಿಗೆ ಆ ಬಾಗಿಲು ಹೆಚ್ಚೂಕಡಿಮೆ ಮುಚ್ಚಿದ ಹಾಗೇ.

ಇದೇ ಮದುವೆ 1954ರ ವಿಶೇಷ ವಿವಾಹ ಕಾಯಿದೆಯ ಅಡಿಯಲ್ಲಿ ಆಗಿದ್ದರೆ 24ನೇ ಕಲಮಿನ ಪ್ರಕಾರ ಶೂನ್ಯವೇ. ಅಲ್ಲಿ 30 ದಿನದ ನೋಟಿಸುಂಟು, ಕಚೇರಿಯಲ್ಲಿ ಅಂಟಿಸುವುದುಂಟು, ಯಾರು ಬೇಕಾದರೂ ತಕರಾರು ಹಾಕಬಹುದು. ಜಾತಿ ಮೀರಿ ಪ್ರೀತಿಸಿದ ಇಪ್ಪತ್ತೈದರ ಹುಡುಗ ಹುಡುಗಿ, ಎಲ್ಲಿ ಮನೆಯವರ ಕಣ್ಣಿಗೆ ಬೀಳುತ್ತೇವೋ ಅಂತ ಆ 30 ದಿನ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಾರೆ. ಕಣ್ಣಿಗೆ ಬೀಳಲೇಬೇಕಾಗಿದ್ದ ಮದುವೆಗೆ ದೇವಸ್ಥಾನದ ಒಂದು ಮೂಲೆ, ಎರಡು ಹಾರ, ಒಂದು ಫೋಟೋ ಸಾಕು.

ಜೊತೆ ಕೂಡಿಸುವ ಮೊದಲು ಎಷ್ಟು ವಿಚಾರಿಸಬೇಕು ಅನ್ನುವುದನ್ನು ಕುಣಿಗಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟಿಪ್ಪು ಕಾಲದಿಂದ ಬಂದದ್ದು ಅನ್ನುವ ಅಲ್ಲಿನ ಕುದುರೆ ಫಾರಂನಂಥ ಕಡೆ ಒಂದು ಹೆಣ್ಣು ಕುದುರೆಗೆ ಜೊತೆ ಕೂಡಿಸಬೇಕಾದರೆ ವಂಶಾವಳಿ ಪುಸ್ತಕ ತೆಗೆಯುತ್ತಾರೆ, ಪಶುವೈದ್ಯರು ಬಂದು ನೋಡುತ್ತಾರೆ. ಹತ್ತು ಗುಂಟೆ ಜಮೀನು ಮಾರಬೇಕಾದರೆ ಪಹಣಿ, ಮ್ಯುಟೇಶನ್, ಇಸಿ, 11ಇ ನಕ್ಷೆ, ವಂಶವೃಕ್ಷ ಅಂತ ನಾನೇ ಜನರನ್ನು ಎಂಟು ಸಲ ಓಡಾಡಿಸಿದ್ದೇನೆ. ಜಮೀನಿನ ಮೇಲೆ ಸಾಲ ಇದೆಯಾ, ತಂಟೆ ಇದೆಯಾ, ಹಕ್ಕುದಾರರು ಎಷ್ಟು ಜನ. ಜಮೀನಿನ ಯಜಮಾನನಿಗೆ ಇವತ್ತು ಯಾವ ವಾರ ಅಂತ ಗೊತ್ತಿದೆಯಾ ಅನ್ನುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ.

ಹಾಗಂತ ಈ ನೆಲದಲ್ಲಿ ಮುದುಕರ ಮದುವೆ ಕಾನೂನಿನ ಕಣ್ಣಿಗೆ ಬಿದ್ದೇ ಇರಲಿಲ್ಲ ಅನ್ನುವ ಹಾಗಿಲ್ಲ. ತುಮಕೂರು ಮೈಸೂರು ಸಂಸ್ಥಾನದಲ್ಲಿದ್ದ ಕಾಲಕ್ಕೆ, 1894ರಲ್ಲೇ, ಚಾಮರಾಜೇಂದ್ರ ಒಡೆಯರ ಸರ್ಕಾರ ಶಿಶುವಿವಾಹ ನಿಷೇಧದ ಕಾನೂನು ತಂದಿತು. ಎಂಟು ವರ್ಷದೊಳಗಿನ ಹೆಣ್ಣುಮಗುವಿಗೆ ಮದುವೆ ಕೂಡದು. ಐವತ್ತು ದಾಟಿದವನು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳಕೂಡದು. ಅದಕ್ಕೂ ಏಳು ವರ್ಷ ಮುಂಚೆ, 1887ರಲ್ಲಿ, ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಬರೆದು ಕನ್ಯಾವಿಕ್ರಯ ಮಾಡುವವರನ್ನು ನಗೆಪಾಟಲು ಮಾಡಿದ್ದರು. ಅಂದಿನ ಅಂಥ ಕಥೆಗಳಲ್ಲಿ ದುಡ್ಡಿನ ಗಂಟು ಹಿಡಿದ ಮುದುಕನೇ ಖಳ, ಮಾರಾಟಕ್ಕಿರುವುದು ಹುಡುಗಿ. ನೀವು ಪಾತ್ರಗಳನ್ನು ಅದಲುಬದಲು ಮಾಡಿ, ಮುದುಕನನ್ನೇ ಮಾರಾಟಕ್ಕಿಟ್ಟಿರಿ. ಗುಬ್ಬಿಯ ನೆಲದಲ್ಲಿ ಹೊಸ ರಂಗಪ್ರಯೋಗ ಆಗದೆ ಇನ್ನೆಲ್ಲಿ ಆಗಬೇಕು? ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರು ಕಳ್ಳನ ಪಾತ್ರಕ್ಕೆ ಹೆಸರಾಗಿದ್ದರು, ನೋಡುವವರಿಗೆ ಕಳ್ಳನ ಮೇಲೇ ಅಕ್ಕರೆ ಹುಟ್ಟುವಂಥ ಪಾತ್ರ. ನಿಮಗೆ ಅದಕ್ಕಿಂತ ದೊಡ್ಡ ಭಾಗ್ಯ. ‘ಈ ವಯಸ್ಸಲ್ಲಿ ಮುದುಕನ ಚಪಲ ನೋಡು’ ಅಂತ ಊರು ಮುದುಕನನ್ನು ನೋಡಿ ನಗುತ್ತದೆ. ನಿಮ್ಮ ಕಡೆ ಯಾರೂ ತಿರುಗುವುದೇ ಇಲ್ಲ.

ಆ ನಗುವಿಗೆ ಕಾರಣ ಅರಳು ಮರಳು ಅನ್ನುವ ಪದವೇ ಇರಬೇಕು. ಕಾಯಿಲೆಗೆ ಇಷ್ಟು ಮುದ್ದಾದ ಹೆಸರಿಟ್ಟುಕೊಂಡ ಮೇಲೆ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ? ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಎಂಬತ್ತೆಂಟು ಲಕ್ಷ ಅಂದರೆ ನನಗೆ ಕಣ್ಣಿಗೆ ಕಟ್ಟುವುದಿಲ್ಲ. ಮೇಷ್ಟ್ರ ಮಗಳು ಮೂರು ತಿಂಗಳಾದ ಮೇಲೆ ತಂದು ತೋರಿಸಿದ ಒಂದು ಹಾಳೆ ಕಟ್ಟಿದೆ. ಡಾಕ್ಟರು ಗಡಿಯಾರ ಬರೆಯಲು ಹೇಳಿದ್ದರಂತೆ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಹತ್ತೊಂಬತ್ತರ ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದ ಮನುಷ್ಯ, ಕೈವಾರ ಇಟ್ಟ ಹಾಗೆ ದುಂಡಗೆ ಚಕ್ರ ಬರೆದು, ಹನ್ನೆರಡೂ ಅಂಕಿಗಳನ್ನು ಬಲಗಡೆಯ ಅರ್ಧದಲ್ಲೇ ಒತ್ತೊತ್ತಾಗಿ ತುರುಕಿದ್ದರು. ಎಡಗಡೆ ಖಾಲಿ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದದ್ದಕ್ಕೆ ಒಂದು ಮುಳ್ಳು ಹತ್ತಕ್ಕೆ, ಇನ್ನೊಂದು ಹನ್ನೊಂದಕ್ಕೆ. ಲೆಕ್ಕದ ಮೇಷ್ಟ್ರು. ಆ ಹಾಳೆಯ ಕೆಳಗೂ ಸಹಿ ಇತ್ತು, ಗೆರೆಯ ಕೆಳಗೆ ಎರಡು ಚುಕ್ಕಿ ಸಮೇತ.

ಮಗಳು ಅತ್ತಳು. ಅಳುವುದಕ್ಕೂ ಒಂದು ಸರದಿ ಇರುತ್ತದೆ, ಅಮ್ಮಣ್ಣಿ, ನಿಮ್ಮ ಸರದಿ ತಡವಾಗಿ ಬಂತು ಅಂತ ಹೇಳೋಣ ಅನ್ನಿಸಿತು, ಹೇಳಲಿಲ್ಲ. ಬೆಂಗಳೂರು ಎಷ್ಟು ದೂರ? ತುಮಕೂರಿನಿಂದ ಎಪ್ಪತ್ತು ಕಿಲೋಮೀಟರು. ಬೆಳಿಗ್ಗೆ ರೈಲು ಹತ್ತಿ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರು ಸಾವಿರಾರು. ಅಪ್ಪ ಒಬ್ಬರೇ ಇದ್ದ ಎರಡು ವರ್ಷದಲ್ಲಿ ಗೌರಿ ಹಬ್ಬಕ್ಕೊಮ್ಮೆ, ಯುಗಾದಿಗೊಮ್ಮೆ ಬಂದುಹೋದವರಿಗೆ, ಅಪ್ಪನಿಗೆ ಮಾತಾಡಿಸುವವರು ಬೇಕು ಅನ್ನುವುದು ತಿಳಿದದ್ದು ಮಾತಾಡಿಸುವವರ ಹೆಸರಿಗೆ ತೋಟ ಹೋದ ಮೇಲೆ. ನಮ್ಮ ಹಿತೈಷಿಗಳೋ, ದಿನಾ ಬಂದರು. ಮಾತ್ರೆ ತಂದರು, ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದರು. ಮೋಸ ಮಾಡುವವರು ಮಾಡುವ ಸೇವೆಯಲ್ಲಿ ಅರ್ಧ ಮಾಡಿದ್ದರೂ ಸಾಕಿತ್ತಲ್ಲ, ಮಕ್ಕಳು.

ಇದರಲ್ಲಿ ಇನ್ನೊಂದು ಬಗೆಯ ಹಿತೈಷಿಗಳಿದ್ದಾರೆ. ಅವರು ಸ್ವಂತ ಮಕ್ಕಳು. ಅಪ್ಪನನ್ನು ನೋಡಿಕೊಳ್ಳಲು ಆಳು ಇಟ್ಟರೆ ತಿಂಗಳ ಸಂಬಳ ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು. ತಾಳಿ ಕಟ್ಟಿಸಿದರೆ ಎರಡೂ ಇಲ್ಲ. ಬಡವರ ಮನೆಯ ವಿಧವೆಯೋ ಗಂಡ ಬಿಟ್ಟವಳೋ ಒಬ್ಬಳನ್ನು ಹುಡುಕಿ, ‘ನಿಮಗೂ ಒಂದು ನೆಲೆ ಆಗ್ತದೆ’ ಅಂತ ಹೇಳಿ, ಬರುವ ಮೊದಲೇ ಅವಳಿಂದ ಹಕ್ಕು ಬಿಡುಗಡೆ ಬರೆಸಿಕೊಳ್ಳಲು ನನ್ನ ಮೇಜಿಗೆ ಬಂದವರಿದ್ದಾರೆ. ಅಲ್ಲಿ ಮೋಸ ಹೋದವರು ಇಬ್ಬರು: ಒಬ್ಬರಿಗೆ ಮದುವೆ ಆಗಿದ್ದು ಗೊತ್ತಿಲ್ಲ, ಇನ್ನೊಬ್ಬರಿಗೆ ಆಗಿದ್ದು ಮದುವೆಯಲ್ಲ ಅಂತ ಗೊತ್ತಿಲ್ಲ. ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಆ ಹೆಣ್ಣುಮಗಳ ಬಗ್ಗೆಯೂ ನನಗೆ ಈಗ ಅನುಮಾನವಿದೆ. ತೋಟ ಅವರ ಹೆಸರಲ್ಲಿ ಎಷ್ಟು ದಿನ ಉಳಿದೀತು, ಆಮೇಲೆ ಯಾರ ಹೆಸರಿಗೆ ಹೋದೀತು, ನಿಮಗೇ ಗೊತ್ತು.

ಗಂಡಸರದ್ದೇ ಹೇಳುತ್ತಿದ್ದೇನೆ ಅನ್ನಬೇಡಿ. ಪಿಂಚಣಿ ಬರುವ, ಮಕ್ಕಳಿಲ್ಲದ ಅಜ್ಜಿಯರಿಗೂ ಐವತ್ತರ ಮದುಮಗ ಸಿಗುವ ಕಾಲ ಇದು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತ ಹಿರಿಯರು ಗಾದೆ ಕಟ್ಟಿ ಕೈಚೆಲ್ಲಿ ಕೂತಿದ್ದರು. ಆ ಕಗ್ಗಂಟನ್ನು ಬಿಡಿಸಿದ ಕೀರ್ತಿ ನಿಮ್ಮದು.

ಇಂಗ್ಲೆಂಡಿನಲ್ಲಿ ನಿಮ್ಮವರೇ ಇದ್ದಾರೆ. ಲೀಡ್ಸ್ ಊರಿನಲ್ಲಿ ಮರೆವಿನ ಕಾಯಿಲೆಯಿದ್ದ 91ರ ವೃದ್ಧೆಯೊಬ್ಬರು 2016ರಲ್ಲಿ ತೀರಿಕೊಂಡ ಮೇಲೆ ಮಕ್ಕಳಿಗೆ ತಿಳಿಯಿತು, ತಾಯಿಗೆ ಐದು ತಿಂಗಳ ಹಿಂದೆ ಗುಟ್ಟಾಗಿ ಮದುವೆಯಾಗಿತ್ತೆಂದು. ಅಲ್ಲಿ 1837ರ ಕಾನೂನಿನ ಪ್ರಕಾರ ಮದುವೆಯಾದ ತಕ್ಷಣ ಹಳೆಯ ಉಯಿಲು ರದ್ದು. ಆಸ್ತಿ ಮದುಮಗನಿಗೆ ಹೋಯಿತು. ಮಗಳು ಹಿಡಿದ ಹಟಕ್ಕೆ ಸಂಸದ ಫೇಬಿಯನ್ ಹ್ಯಾಮಿಲ್ಟನ್ 2018ರಲ್ಲಿ ಪಾರ್ಲಿಮೆಂಟಿನಲ್ಲಿ ಮಸೂದೆ ಮಂಡಿಸಿದರು. 2025ರಲ್ಲಿ ಅಲ್ಲಿನ ಕಾನೂನು ಆಯೋಗ ಆ ಹಳೆಯ ನಿಯಮ ತೆಗೆಯಿರಿ ಅಂತ ಶಿಫಾರಸು ಮಾಡಿತು. ಈ ಒಂದು ವಿಷಯದಲ್ಲಿ ನಾವು ವಾಸಿ. ಹಿಂದೂಗಳು ಬರೆದಿಟ್ಟ ಉಯಿಲು ಮದುವೆಯಿಂದ ಬಿದ್ದುಹೋಗುವುದಿಲ್ಲ. ಬುದ್ಧಿ ನೆಟ್ಟಗಿರುವಾಗಲೇ ಉಯಿಲು ಬರೆದಿಡಿ ಅಂತ ನಾನು ಹೇಳುವುದು ಬರೀ ನನ್ನ ಕಸುಬಿನ ಆಸೆಗಲ್ಲ.

ಉಳಿದದ್ದರಲ್ಲಿ ನಾವು ಹಿಂದಕ್ಕೆ ನಡೆದಿದ್ದೇವೆ. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಜಿಲ್ಲಾ ಕೋರ್ಟಿಗೆ ಹೋಗಿ, ಮನಸ್ಸು ಸ್ವಾಧೀನದಲ್ಲಿಲ್ಲದವರ ಆಸ್ತಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿಕೊಳ್ಳುವ ದಾರಿ ಇತ್ತು. 2017ರ ಹೊಸ ಕಾಯಿದೆ ರೋಗಿಯ ಹಕ್ಕುಗಳ ಬಗ್ಗೆ ಬಹಳ ಒಳ್ಳೆಯ ಮಾತು ಆಡುತ್ತದೆ, ಆ ದಾರಿಯನ್ನು ಮಾತ್ರ ಕೈಬಿಟ್ಟಿತು. ನ್ಯಾಷನಲ್ ಟ್ರಸ್ಟಿನ 1999ರ ಕಾಯಿದೆ ಆಟಿಸಂ, ಬುದ್ಧಿಮಾಂದ್ಯ ಮುಂತಾದ್ದಕ್ಕೆ. ಮುಪ್ಪಿನ ಮರೆವು ಅದರ ಪಟ್ಟಿಯಲ್ಲಿಲ್ಲ. ಹಾಗಾಗಿ ಅಪ್ಪನ ಬ್ಯಾಂಕ್ ಖಾತೆ ಕಾಯಲು ಹೈಕೋರ್ಟಿನವರೆಗೆ ಹೋಗಬೇಕಾದ ಸ್ಥಿತಿ.

ತೋಟದ ಮಟ್ಟಿಗೆ ಒಂದು ಬಾಗಿಲು ತೆರೆದಿದೆ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮು: ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರ ರದ್ದಾಗಬಹುದು. ಹಿರಿಯರಿಗೆ ತಾವೇ ಹೋಗಲು ಆಗದಿದ್ದರೆ ಸಂಘ ಸಂಸ್ಥೆಯವರು ಅವರ ಪರವಾಗಿ ಹೋಗಬಹುದು. ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಅಂದಿತು. 2025ರ ಜನವರಿಯಲ್ಲಿ ಈ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿತು. ಹಾಗಾಗಿ ದಾನಪತ್ರ ಬರೆಸುವ ಹಿರಿಯರೇ, ಆ ಷರತ್ತಿನ ಸಾಲು ಬಾಯಿಮಾತಲ್ಲಿ ಬೇಡ, ಪತ್ರದಲ್ಲೇ ಇರಲಿ. ತುಮಕೂರು, ಗುಬ್ಬಿ, ಕುಣಿಗಲ್ ಮೂರಕ್ಕೂ ತುಮಕೂರಿನ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿ. ಫೋನಿನಲ್ಲಿ ವಿಚಾರಿಸುವವರಿಗೆ ಹಿರಿಯರ ಸಹಾಯವಾಣಿ 14567.

ಮುದುಕರು ಮದುವೆಯಾಗಬಾರದು ಅಂತ ನಾನು ಬರೆದೆ ಅಂತ ಯಾರೂ ಓದಿಕೊಳ್ಳಬೇಡಿ. ಎಪ್ಪತ್ತರಲ್ಲಿ ಜೊತೆ ಹುಡುಕಿಕೊಂಡ ಇಬ್ಬರು ನನ್ನ ಮೇಜಿಗೂ ಬಂದಿದ್ದರು. ಪತ್ರದಲ್ಲಿ ಒಂದು ಅಕ್ಷರ ತಪ್ಪಾಗಿದೆ ಅಂತ ಇಬ್ಬರೂ ಸೇರಿ ನನಗೆ ಬೈದರು. ಅವರ ಮಕ್ಕಳು ಅಪ್ಪನಿಗೆ ಅರಳು ಮರಳು ಅಂತ ಊರೆಲ್ಲ ಸಾರಿದ್ದರು. ಅದೂ ಇದೇ ರೋಗದ ಇನ್ನೊಂದು ಮುಖ, ಆಸ್ತಿಗಾಗಿ ಬುದ್ಧಿ ಇರುವವರನ್ನೂ ಬುದ್ಧಿ ಇಲ್ಲದವರನ್ನಾಗಿ ಮಾಡುವುದು. ಅವರ ಪತ್ರವನ್ನು ನಾನು ಸಂತೋಷವಾಗಿ ತಿದ್ದಿಕೊಟ್ಟೆ.

ಹಿತೈಷಿಗಳೇ, ನಿಮ್ಮನ್ನು ಬದಲಾಯಿಸುವ ಶಕ್ತಿ ಈ ಪತ್ರಕ್ಕಿಲ್ಲ. ನಿಮ್ಮ ಚಿತ್ತ ಪೂರ್ತಿ ಸ್ವಸ್ಥವಾಗಿದೆ. ನನ್ನ ಕೋರಿಕೆ ಪಕ್ಕದ ಮೇಜಿನ ಗೆಳೆಯರಿಗೆ, ತಾಳಿ ಎತ್ತಿಕೊಡುವ ಪೂಜಾರಪ್ಪನವರಿಗೆ, ಒಳಗೆ ಕೂತು ಹೆಬ್ಬೆಟ್ಟು, ಫೋಟೋ ತೆಗೆಸಿಕೊಳ್ಳುವ ಸಾಹೇಬರಿಗೆ. ವಯಸ್ಸಾದವರೊಬ್ಬರನ್ನು ಯಾರಾದರೂ ಆತುರಾತುರವಾಗಿ ಕರೆದುಕೊಂಡು ಬಂದರೆ, ಜೊತೆಗಿರುವವರನ್ನು ಐದು ನಿಮಿಷ ಟೀ ಕುಡಿಯಲು ಹೊರಗೆ ಕಳಿಸಿ. ಯಜಮಾನರಿಗೆ ಕುರ್ಚಿ ಕೊಡಿ. ಪಕ್ಕದಲ್ಲಿ ನಿಂತಿರುವ ಹೆಣ್ಣನ್ನೋ ಗಂಡನ್ನೋ ತೋರಿಸಿ ಮೆಲ್ಲಗೆ ಕೇಳಿ: ಇವರು ಯಾರು ಸಾರ್?